ಹಳೆಯ ಧಕ್ಕೆಯ ಮರುನಿರ್ಮಾಣ: ಮೈಸೂರಿನ ವಾರಾಂತ್ಯ ತರಬೇತಿಯೊಂದರ ವಿಮರ್ಶೆ

ಮೈಸೂರಿನ ಕುವೆಂಪುನಗರದಲ್ಲಿ ಸಿವಿಲ್ ಎಂಜಿನಿಯರುಗಳಿಗಾಗಿ ವಾರಾಂತ್ಯಗಳಲ್ಲಿ ನಡೆಯುವ ತರಬೇತಿಯಲ್ಲಿ ಈ ಬಾರಿಯ ವಿಷಯ, ಚಾಲ್ತಿಯಲ್ಲಿರುವ ವಾಣಿಜ್ಯ ಬಂದರಿನಲ್ಲಿ ಹಳೆಯ ಧಕ್ಕೆಯನ್ನು, ಅಂದರೆ ಹಡಗು ನಿಲ್ಲಿಸಿ ಸರಕು ಇಳಿಸುವ ಕಟ್ಟೆಯನ್ನು, ಮರಳಿ ಕಟ್ಟುವುದು. ಮಂಡ್ಯ ಜಿಲ್ಲೆಯ ನಾಲೆ ಮತ್ತು ಸೇತುವೆ ಕಾಮಗಾರಿಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ ಕಡಲಿನ ಕೆಲಸ ದೂರದ್ದೆನಿಸಬಹುದು. ಆದರೆ ಬಳಕೆಯನ್ನು ನಿಲ್ಲಿಸಲಾಗದ ಕಟ್ಟಡವನ್ನು ಬಳಕೆಯ ನಡುವೆಯೇ ಹೇಗೆ ಕಟ್ಟಬೇಕೆಂಬುದನ್ನು ಇಷ್ಟು ಶಿಸ್ತಿನಿಂದ ಹೇಳಿಕೊಡುವ ಬೇರೊಂದು ತರಗತಿಯನ್ನು ನಾನು ಈ ಭಾಗದಲ್ಲಿ ಕಂಡಿಲ್ಲ. ಕೊಡಗು, ಹಾಸನದ ಕಾಫಿ ಹಡಗು ಹತ್ತುವ ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರೆಂದು ಘೋಷಣೆಯಾದದ್ದೇ 1974ರಲ್ಲಿ ಎಂಬುದನ್ನು ನೆನೆದರೆ, ಕರಾವಳಿಯಲ್ಲಿ ವಯಸ್ಸಾದ ಕಾಂಕ್ರೀಟಿನ ಪ್ರಶ್ನೆ ನಮ್ಮ ರಾಜ್ಯಕ್ಕೂ ಸಂಬಂಧಿಸಿದ್ದೇ.

ಬಂದರು ಕಾಮಗಾರಿಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರೊಬ್ಬರು ಕನ್ನಡದಲ್ಲಿಯೇ ಪಾಠ ಮಾಡುತ್ತಾರೆ. ಮೊದಲ ಪಾಠ ಪೂರ್ತಿಯಾಗಿ ಹಾನಿಯ ಕಾರಣವನ್ನು ಗುರುತಿಸುವುದಕ್ಕೆ ಮೀಸಲು. ಹೊಸ ಕಾಂಕ್ರೀಟಿನ ಪಿಎಚ್ 12.5ಕ್ಕೂ ಮೇಲಿದ್ದು ಅದು ಬಲವಾದ ಕ್ಷಾರವಾಗಿರುವುದರಿಂದ ಒಳಗಿನ ಕಂಬಿಯ ಮೇಲೆ ತೆಳುವಾದ ರಕ್ಷಣಾ ಪದರವೊಂದು ಉಳಿದಿರುತ್ತದೆ. ಸಮುದ್ರದ ಉಪ್ಪಿನ ಕ್ಲೋರೈಡು ವರ್ಷಗಟ್ಟಲೆ ಇಳಿದು ಕಂಬಿಯನ್ನು ಮುಟ್ಟಿದಾಗ ಆ ಪದರ ಒಡೆದು, ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವ ತುಕ್ಕು ಬೆಳೆದು, ಹೊರಗಿನ ಕಾಂಕ್ರೀಟು ಬಿರಿಯುತ್ತದೆ. ಸದಾ ಮುಳುಗಿರುವ ಭಾಗಕ್ಕೆ ಆಮ್ಲಜನಕ ಸಾಲದಿರುವುದರಿಂದ ಅಲ್ಲಿ ತುಕ್ಕು ನಿಧಾನ. ಉಬ್ಬರವಿಳಿತದ ಪಟ್ಟಿಯಲ್ಲಿ ಮತ್ತು ಅದರ ಮೇಲೆ ಅಲೆ ಸಿಡಿಯುವ ಎತ್ತರದಲ್ಲಿ ನೀರು, ಗಾಳಿ, ಉಪ್ಪು ಮೂರೂ ಒದಗುವುದರಿಂದ ಹಾನಿ ಅಲ್ಲಿಯೇ ಹೆಚ್ಚು. ಪೂರ್ತಿ ಮುಳುಗಿದ ಕಾಂಕ್ರೀಟಿಗೆ ಕನಿಷ್ಠ ಎಂ30 (ಕಾಂಕ್ರೀಟಿನ ಬಲದ ದರ್ಜೆ) ಮತ್ತು 45 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ), ಉಬ್ಬರವಿಳಿತದ ಪಟ್ಟಿಗೆ ಎಂ40 ಮತ್ತು 75 ಮಿ.ಮೀ. ಎಂದು ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456:2000 ಹೇಳುವುದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದವರಿಗೆ ಅದರ ಹಿಂದಿನ ಕಾರಣ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ತೇಪೆ ಹಾಕುವ ದುರಸ್ತಿಯ ಬಗ್ಗೆ ಅವರು ಕೊಟ್ಟ ಎಚ್ಚರಿಕೆ ನನಗೆ ಬಹಳ ಮುಖ್ಯವೆನಿಸಿತು. ಕೆಟ್ಟ ಭಾಗವನ್ನಷ್ಟೇ ಒಡೆದು ಹೊಸ ಗಾರೆ ತುಂಬಿದರೆ, ಅಲ್ಲಿಯವರೆಗೆ ಆ ಕೆಟ್ಟ ಭಾಗವೇ ತುಕ್ಕನ್ನು ತನ್ನ ಮೇಲೆ ಎಳೆದುಕೊಂಡಿದ್ದರಿಂದ ಸುರಕ್ಷಿತವಾಗಿದ್ದ ಅಕ್ಕಪಕ್ಕದ ಕಂಬಿ ತೇಪೆಯ ಅಂಚಿನಲ್ಲಿ ತುಕ್ಕು ಹಿಡಿಯತೊಡಗುತ್ತದೆ. ಇದನ್ನು ತಡೆಯಲು ತೇಪೆಯೊಳಗೆ ಕಂಬಿಗೆ ಅದರ ಬದಲು ತಾವೇ ಸವೆಯುವ ಸತುವಿನ ತುಂಡುಗಳನ್ನು (ಆನೋಡು) ಕಟ್ಟುತ್ತಾರೆ; ಕ್ಲೋರೈಡು ಎಲ್ಲೆಡೆ ಹರಡಿದ್ದರೆ ತೇಪೆಯ ಆಸೆ ಬಿಟ್ಟು ಹೊಸದಾಗಿ ಕಟ್ಟುವುದೇ ಮೇಲು. ಮೆಕ್ಸಿಕೋದ ಪ್ರೊಗ್ರೆಸೋ ಬಂದರಿನ ಉದಾಹರಣೆಯೂ ಬಂತು. 1937ರಿಂದ 1941ರವರೆಗೆ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಬಳಸಿ ಕಟ್ಟಿದ ಅಲ್ಲಿನ ಧಕ್ಕೆ ಉಳಿದಿದೆ. ಅದರ ಪಕ್ಕದಲ್ಲಿಯೇ ಮುಂದೆ ಸಾಮಾನ್ಯ ಕಂಬಿಯಲ್ಲಿ ಕಟ್ಟಿದ್ದು ಕೆಲವೇ ದಶಕಗಳಲ್ಲಿ ಹಾಳಾಯಿತು.

ಈ ತರಬೇತಿಯ ತಿರುಳು ಇರುವುದು ಕೆಲಸದ ಸರದಿಯ ಪಾಠದಲ್ಲಿ. ಧಕ್ಕೆಯಲ್ಲಿ ಹಡಗು ನಿಲ್ಲುವ ಒಂದು ಜಾಗ (ಬರ್ತ್) ಮುಚ್ಚಿದರೆ ಹಡಗು ಹೊರಗಡಲಿನಲ್ಲಿ ಲಂಗರು ಹಾಕಿ ಕಾಯುತ್ತದೆ, ಕಾಯುವಿಕೆ ಒಪ್ಪಂದದ ಅವಧಿ ಮೀರಿದರೆ ಡೆಮರೇಜ್, ಅಂದರೆ ತಡಕ್ಕೆ ತೆರಬೇಕಾದ ಹಣ, ಏರುತ್ತದೆ. ಆದ್ದರಿಂದ ಧಕ್ಕೆಯನ್ನು ಉದ್ದಕ್ಕೆ ಭಾಗ ಮಾಡಿಕೊಂಡು, ಒಂದು ಭಾಗದಲ್ಲಿ ಸರಕು ಇಳಿಯುತ್ತಿರುವಾಗ ಮತ್ತೊಂದನ್ನು ಕೆಡವಿ ಕಟ್ಟಬೇಕು. ಧಕ್ಕೆಯನ್ನು ಹೊರಲು ನೆಲದಾಳಕ್ಕೆ ಇಳಿಸಿದ ಹಳೆಯ ಕಂಬಗಳನ್ನು (ಪೈಲು) ಕೀಳುವ ಗೋಜಿಗೆ ಹೋಗದೆ ಅವುಗಳ ನಡುವಿನ ಜಾಗದಲ್ಲಿ ಹೊಸವನ್ನು ಇಳಿಸುವುದು, ಹಳೆಯ ಸ್ಲ್ಯಾಬನ್ನು ವಜ್ರದ ತಂತಿಗರಗಸದಿಂದ ತುಂಡುಗಳಾಗಿ ಕೊಯ್ದು ಕ್ರೇನಿನಿಂದ ಎತ್ತಿ ಅವಶೇಷ ನೀರಿಗೆ ಬೀಳದಂತೆ ನೋಡಿಕೊಳ್ಳುವುದು, ತೊಲೆ ಮತ್ತು ಹಾಸುಗಳನ್ನು ದಡದಲ್ಲಿಯೇ ಎರಕ ಹೊಯ್ದು ತಂದು ಜೋಡಿಸಿ ಮೇಲಿನ ಪದರವನ್ನಷ್ಟೇ ಸ್ಥಳದಲ್ಲಿ ಹಾಕುವುದು, ಪೈಲಿನ ತಲೆಯ ಕೆಲಸವನ್ನು ಇಳಿತದ ಗಂಟೆಗಳಿಗೆ ಹೊಂದಿಸುವುದು: ಇವನ್ನೆಲ್ಲ ಅವರು ಹಲಗೆಯ ಮೇಲೆ ಒಂದೊಂದಾಗಿ ಬಿಡಿಸಿ, ಪ್ರತಿ ಹಂತದಲ್ಲಿಯೂ ಕಟ್ಟಿದ ಹಡಗಿನ ಸೆಳೆತ ಹಗ್ಗ ಸುತ್ತುವ ಯಾವ ಗೂಟಕ್ಕೆ (ಬೊಲ್ಲಾರ್ಡ್) ಬೀಳುತ್ತದೆ, ಅದರ ಕೆಳಗೆ ಈಗ ಯಾವ ಪೈಲು ಹೊರುತ್ತಿದೆ ಎಂದು ನಮ್ಮಿಂದಲೇ ಲೆಕ್ಕ ಹಾಕಿಸಿದರು. ಅರ್ಧ ಕಟ್ಟಿದ ಧಕ್ಕೆಯೂ ಸ್ವತಃ ಒಂದು ಪೂರ್ಣ ರಚನೆಯೇ ಎಂದು ಎಣಿಸಿ ವಿನ್ಯಾಸ ಮಾಡಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವುದು ಕಷ್ಟ.

ಕೊರತೆಗಳೂ ಇವೆ, ಅವನ್ನು ಆಯೋಜಕರು ಸರಿಪಡಿಸಲೇಬೇಕು. ಕಂಬಿಯ ತುಕ್ಕಿನ ಸಾಧ್ಯತೆಯನ್ನು ಅಳೆಯುವ ಹಾಫ್‌ಸೆಲ್ ಪರೀಕ್ಷೆಯಲ್ಲಿ, ತಾಮ್ರದ ಸಲ್ಫೇಟಿನ ಎಲೆಕ್ಟ್ರೋಡಿಗೆ ಹೋಲಿಸಿ ಅಳೆದ ವೋಲ್ಟೇಜು ಮೈನಸ್ 350 ಮಿಲಿವೋಲ್ಟಿಗಿಂತಲೂ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಂಭವ ಶೇ. 90ಕ್ಕೂ ಹೆಚ್ಚು ಎಂದು ಪರದೆಯ ಮೇಲೆ ತೋರಿಸಿದರೇ ಹೊರತು ಉಪಕರಣವನ್ನು ನಮ್ಮ ಕೈಗೆ ಕೊಡಲಿಲ್ಲ. ಇಂಥ ಪರೀಕ್ಷೆಯನ್ನು ಕೈಯಾರೆ ಮಾಡದೆ ಕಲಿಯಲಾಗದು. ವೆಚ್ಚದ ಅಂದಾಜಿನ ಪಾಠ ಅವಸರದ್ದಾಯಿತು. ಶುಲ್ಕ ಕಿರಿಯ ಎಂಜಿನಿಯರುಗಳಿಗೆ ಭಾರವೇ; ಸಣ್ಣ ಗುತ್ತಿಗೆದಾರರ ಸೈಟ್ ಮೇಲ್ವಿಚಾರಕರಿಗೆ ರಿಯಾಯಿತಿ ಕೊಟ್ಟರೆ, ನಿಜಕ್ಕೂ ಕಾಂಕ್ರೀಟು ಹಾಕಿಸುವವರು ಬಂದು ಕೂರುತ್ತಾರೆ.

ಕಟ್ಟಡ ವಿನ್ಯಾಸವಷ್ಟೇ ಮಾಡುವವರಿಗೆ ಈ ತರಬೇತಿಯ ಅರ್ಧ ಭಾಗ ಉಪಯೋಗಕ್ಕೆ ಬಾರದಿರಬಹುದು. ಸೇತುವೆ, ನಾಲೆ, ನೀರು ಸರಬರಾಜಿನ ಕಾಮಗಾರಿಗಳಲ್ಲಿರುವವರು ತಪ್ಪದೆ ಸೇರಬೇಕೆಂದು ನಾನು ಹೇಳುತ್ತೇನೆ. ವಿಶ್ವೇಶ್ವರಯ್ಯ ನಾಲೆಗೆ ನೀರು ನಿಲ್ಲಿಸುವ ಅವಧಿಯಲ್ಲಿಯೇ ತೂಬು ಮತ್ತು ಅಡ್ಡಸೇತುವೆಗಳ ಕೆಲಸ ಮುಗಿಸಬೇಕಾದ ನಮ್ಮ ಪಾಡನ್ನು ಕೊನೆಯ ತರಗತಿಯಲ್ಲಿ ವಿವರಿಸಿದಾಗ, ಪಾಠ ಮಾಡಿದ ಎಂಜಿನಿಯರು ನಮ್ಮ ವೇಳಾಪಟ್ಟಿಯನ್ನು ಹಲಗೆಯ ಮೇಲೆ ಬರೆಸಿ, ನೀರು ನಿಲ್ಲುವ ಮುನ್ನವೇ ದಂಡೆಯ ಮೇಲೆ ಎರಕ ಹೊಯ್ದು ಕ್ಯೂರಿಂಗ್ ಮುಗಿಸಿಡಬಹುದಾದ ಭಾಗಗಳನ್ನು ಬೇರೆಯಾಗಿ ಗುರುತು ಮಾಡಿಕೊಟ್ಟರು. ಮುಂದಿನ ಕಾಮಗಾರಿಗೆ ಆ ಪಟ್ಟಿಯನ್ನೇ ಇಟ್ಟುಕೊಂಡು ಅಂದಾಜು ಪಟ್ಟಿ ಸಿದ್ಧಪಡಿಸುತ್ತಿದ್ದೇವೆ.