ಫೋಮ್, ತೂಕದ ಯಂತ್ರ, ಕುರ್ಚಿ: ಅಪ್ಪನಿಗೆ ಯಾವುದು ಒಗ್ಗಿತು?

ಸ್ಟ್ರೋಕ್ ಆದಮೇಲೆ ಅಪ್ಪ ಎದ್ದು ನಿಲ್ಲುವ ಹಾಗಾದರು, ಆದರೆ ಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲು ಸುಮ್ನೆ ನೆಲ ಮುಟ್ಟಿಕೊಂಡಿರುತ್ತಿತ್ತು. ಹಾಗಾಗಿ ಯಾವ ವ್ಯಾಯಾಮ ಮಾಡಿಸಿದರೂ ನಾನು ನೋಡುತ್ತಿದ್ದದ್ದು ಒಂದೇ: ಎಡಗಾಲಿಗೆ ಭಾರ ಬೀಳುತ್ತಾ ಇಲ್ವಾ? ಫಿಸಿಯೋ ಹೇಳಿಕೊಟ್ಟ ಮೂರು ಬಗೆಯನ್ನೂ ಮನೆಯಲ್ಲಿ ಮಾಡಿಸಿದ್ದೇವೆ.

ಮೊದಲು ಫೋಮ್, ಅಂದರೆ ಮೆತ್ತನೆಯ ದಪ್ಪ ಹಾಸಿನ ಮೇಲೆ ನಿಲ್ಲುವುದು. ಕಾಲಡಿ ಮೆತ್ತಗಿದ್ದರೆ ಪಾದದಿಂದ ಮಿದುಳಿಗೆ ಸರಿಯಾದ ಸುಳಿವು ಸಿಗುವುದಿಲ್ಲ. ಆಗ ಕಣ್ಣು, ಒಳಕಿವಿ ಜಾಸ್ತಿ ಕೆಲಸ ಮಾಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಶುರುವಿನಲ್ಲೇ ಹತ್ತಿಸಿದಾಗ ಅಪ್ಪನ ಎಡಗಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡವು, ಮೈಯೆಲ್ಲ ಬಿಗಿಯಾಯಿತು, ಬಲಗಾಲು ಇನ್ನಷ್ಟು ಭಾರ ಎಳೆದುಕೊಂಡಿತು. ಗಟ್ಟಿ ನೆಲದ ಮೇಲೆ ಏನೂ ಹಿಡಿಯದೆ ನಿಲ್ಲಲು ಬಂದಮೇಲೆ ಇದೇ ಫೋಮ್ ಚೆನ್ನಾಗಿ ಉಪಯೋಗಕ್ಕೆ ಬಂತು.

ಎರಡನೆಯದು ತೂಕದ ಯಂತ್ರ. ಒಂದೇ ಎತ್ತರದ ಎರಡನ್ನು ಅಡುಗೆಮನೆ ಕಟ್ಟೆಯ ಮುಂದೆ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲು. "ನೇರವಾಗೇ ನಿಂತಿದೀನಲ್ಲಮ್ಮ" ಎಂದರು ಅಪ್ಪ. ಮುಳ್ಳು ಎಡಕ್ಕೆ 18 ಕಿಲೋ, ಬಲಕ್ಕೆ 46 ತೋರಿಸುತ್ತಿತ್ತು! ಅವರು ತಲೆ ಬಗ್ಗಿಸಿ ನೋಡಿದರೆ ವಾಲುತ್ತಾರೆ, ಅದಕ್ಕೆ ನಾನೇ ಓದಿ ಹೇಳುತ್ತಿದ್ದೆ. ಭಾರ ಎಲ್ಲಿದೆ ಅನ್ನುವುದು ಅವರಿಗೆ ಗೊತ್ತಾಗಿದ್ದೇ ಇದರಿಂದ. ಆದರೆ ಇದು ನಿಂತಲ್ಲೇ ನಿಲ್ಲುವ ಅಭ್ಯಾಸ. ಕೆಳಗಿಳಿದು ನಡೆಯುವಾಗ ಮತ್ತೆ ಹಳೇ ಚಾಳಿ.

ನನ್ನ ಓಟು ಕುರ್ಚಿಗೆ. ಕೂತು ಏಳುವುದು, ಎದ್ದು ಕೂರುವುದು, ಅಷ್ಟೇ. ಗುಟ್ಟಿರುವುದು ಪಾದ ಇಡುವುದರಲ್ಲಿ: ಸೋತ ಕಾಲು ಹಿಂದೆ, ಗಟ್ಟಿ ಕಾಲು ಸ್ವಲ್ಪ ಮುಂದೆ. ಆಗ ಏಳಬೇಕಾದರೆ ಸೋತ ಕಾಲೇ ದುಡಿಯಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೊದಲು ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿದ್ದೆವು, ಆಮೇಲೆ ತೆಗೆದೆವು. ನಾನು ಎಡಗಡೆ ನಿಂತು ಸೊಂಟದ ಬೆಲ್ಟ್ ಹಿಡಿದುಕೊಳ್ಳುತ್ತಿದ್ದೆ. ದಯವಿಟ್ಟು ಯಾರೂ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ಇದರ ಫಲ ಕಮೋಡ್, ಮಂಚ, ಸೋಫಾ ಎಲ್ಲ ಕಡೆಯೂ ಕಂಡಿತು. ಫಿಸಿಯೋಗಳು ಬ್ಯಾಲೆನ್ಸ್ ಅಳೆಯುವ ಬರ್ಗ್ ಪರೀಕ್ಷೆಯಲ್ಲಿ 14 ಕೆಲಸ, 56 ಅಂಕ. ಮೊದಲನೆಯದೇ ಕೂತಲ್ಲಿಂದ ಏಳುವುದು. ನೆಲದ ಮೇಲಿನ ವಸ್ತು ಎತ್ತಿಕೊಳ್ಳುವುದು, ಹಿಂದಕ್ಕೆ ತಿರುಗಿ ನೋಡುವುದೂ ಇವೆ. ಇವೆಲ್ಲ ಮನೆಯಲ್ಲಿ ದಿನಾ ಮಾಡುವಂಥವೇ ಅಲ್ವಾ?

ಒಂದು ಎಚ್ಚರಿಕೆ. ಸ್ಟ್ರೋಕ್ ಆದ ಕೆಲವರು ಗಟ್ಟಿ ಕೈಯಿಂದಲೇ ತಮ್ಮನ್ನು ಸೋತ ಕಡೆಗೆ ದೂಡಿಕೊಳ್ಳುತ್ತಾರೆ. ಅಂಥವರಿಗೆ "ಆ ಕಾಲಿಗೆ ಭಾರ ಹಾಕಿ" ಎಂದರೆ ಬಿದ್ದೇ ಬಿಡುತ್ತಾರೆ. ನಿಮ್ಮವರು ಯಾವ ಕಡೆ ವಾಲುತ್ತಾರೆ ಎಂದು ಫಿಸಿಯೋ ನೋಡಿ ಹೇಳಿದಮೇಲೆಯೇ ಮನೆಯಲ್ಲಿ ಶುರು ಮಾಡಿ.