ಗಾಡ್ಜಿಲ್ಲಾ, ರೋಡಾನ್, ಮಾಥ್ರಾ: ಮೊದಲು ಯಾವುದನ್ನು ನೋಡಬೇಕು?

ಕಳೆದ ವಾರ ಮೂರು ರಾತ್ರಿ ಕೂತು ಜಪಾನಿನ ತೊಹೊ ಸ್ಟುಡಿಯೋದ, ದೈತ್ಯ ಪ್ರಾಣಿಗಳ ಮೂರು ಹಳೆಯ ಸಿನಿಮಾ ನೋಡಿದೆ. 1954ರ ಗಾಡ್ಜಿಲ್ಲಾ, 1956ರ ರೋಡಾನ್, 1961ರ ಮಾಥ್ರಾ. ಮೂರಕ್ಕೂ ನಿರ್ದೇಶಕ ಇಶಿರೋ ಹೋಂಡಾ. ಪುಟ್ಟ ಪುಟ್ಟ ಊರುಗಳನ್ನು ಕಟ್ಟಿಸಿ, ಅವನ್ನು ಸುಟ್ಟು ಪುಡಿ ಮಾಡಿದ ಕೈಚಳಕ ಎಯ್ಜಿ ಸುಬುರಾಯಾ ಅವರದು. ವೇಷದೊಳಗೆ ಬೆವರು ಸುರಿಸಿದವರಲ್ಲಿ ಮೂರರಲ್ಲೂ ಹರುವೊ ನಕಾಜಿಮಾ ಇದ್ದಾರೆ. ಆದರೂ ನೋಡಿ ಎದ್ದಾಗ ಮನಸ್ಸು ಮೂರು ರೀತಿ ಇತ್ತು.

ಗಾಡ್ಜಿಲ್ಲಾ ನೋಡುವ ಮುಂಚೆ ಒಂದು ವಿಷಯ ಗೊತ್ತಿರಲಿ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ವಿಷದ ಬೂದಿ ದೂರದಲ್ಲಿದ್ದ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಬಿತ್ತು, ದೋಣಿಯಲ್ಲಿದ್ದವರೆಲ್ಲ ಕಾಯಿಲೆ ಬಿದ್ದರು. ಸಿನಿಮಾ ತೆರೆಗೆ ಬಂದಿದ್ದು ಅದೇ ವರ್ಷ ನವೆಂಬರ್ 3ಕ್ಕೆ. ಶುರುವಾಗುವುದೇ ಸಮುದ್ರದಲ್ಲಿ ಹೊತ್ತಿ ಉರಿಯುವ ಹಡಗಿನಿಂದ. ಅವತ್ತು ಥಿಯೇಟರಿನಲ್ಲಿ ಕೂತಿದ್ದವರಿಗೆ ಅದು ಕಟ್ಟುಕಥೆ ಅನ್ನಿಸಿರಲಿಕ್ಕಿಲ್ಲ, ಅಲ್ವಾ?

ಇದರ ಅಮೆರಿಕದ ಆವೃತ್ತಿಯೂ ಇದೆ, 1956ರದ್ದು. ರೇಮಂಡ್ ಬರ್ ಅವರನ್ನು ಪತ್ರಕರ್ತನಾಗಿ ಹೊಸದಾಗಿ ಸೇರಿಸಿ, 96 ನಿಮಿಷದ ಸಿನಿಮಾವನ್ನು ಸುಮಾರು 80ಕ್ಕೆ ಇಳಿಸಿದ್ದಾರೆ. ಎರಡನ್ನೂ ಒಂದಾದ ಮೇಲೊಂದು ನೋಡಿದೆ. ಮೂಲದಲ್ಲಿ ರೈಲಿನಲ್ಲಿ ಹೋಗುವ ಒಬ್ಬ ಹೆಂಗಸು, ನಾಗಸಾಕಿಯಲ್ಲಿ ಜೀವ ಉಳಿಸಿಕೊಂಡು ಬಂದೆ, ಈಗ ಇದು ಬೇರೆ ಎಂದು ಹೇಳುತ್ತಾಳೆ. ಒಂದೇ ಮಾತು, ಎದೆ ಹಿಂಡುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಆ ಮಾತೇ ಇಲ್ಲ. ಕೊನೆಯಲ್ಲಿ ಮುದುಕ ವಿಜ್ಞಾನಿ, ಬಾಂಬ್ ಪರೀಕ್ಷೆ ಹೀಗೇ ನಡೆದರೆ ಇನ್ನೊಂದು ಗಾಡ್ಜಿಲ್ಲಾ ಬರಬಹುದು ಎಂದು ಚಿಂತೆ ಪಡುವುದೂ ಇಲ್ಲ. ಅವೆರಡನ್ನು ತೆಗೆದ ಮೇಲೆ ಉಳಿಯುವುದು ಕಟ್ಟಡ ಕೆಡವುವ ಪ್ರಾಣಿ, ಅಷ್ಟೇ. ದಯವಿಟ್ಟು ಮೂಲವನ್ನೇ ನೋಡಿ.

ರೋಡಾನ್ ಬಣ್ಣದ ಸಿನಿಮಾ. ಮೊದಲ ಅರ್ಧ ಮೂರರಲ್ಲೇ ಅತ್ಯಂತ ಭಯ ಹುಟ್ಟಿಸುವಂಥದ್ದು. ಕ್ಯೂಷು ದ್ವೀಪದ ಕಲ್ಲಿದ್ದಲು ಗಣಿಗೆ ನೀರು ನುಗ್ಗುತ್ತದೆ, ಕಾರ್ಮಿಕರ ಹೆಣಗಳು ಕೊಚ್ಚಿದ ಹಾಗೆ ಸಿಗುತ್ತವೆ, ಕಾಣೆಯಾದ ಒಬ್ಬ ಕಾರ್ಮಿಕನ ಮೇಲೆ ಎಲ್ಲರಿಗೂ ಅನುಮಾನ. ಕೊಂದದ್ದು ದೊಡ್ಡ ಹುಳುಗಳು ಎಂದು ಆಮೇಲೆ ಗೊತ್ತಾಗುತ್ತದೆ. ಆ ಹುಳುಗಳನ್ನೇ ಕಾಳಿನಂತೆ ಹೆಕ್ಕಿ ತಿನ್ನುವ ರೋಡಾನ್ ಎಂಬ ದೈತ್ಯ ಹಕ್ಕಿಯ ಮರಿ ಮೊಟ್ಟೆಯಿಂದ ಹೊರಬರುತ್ತದಲ್ಲ, ಅಲ್ಲಿ ಮೈ ಜುಂ ಅಂದಿತು. ಆದರೆ ಹಕ್ಕಿ ಹಾರಿದ ಮೇಲೆ ವಿಮಾನ, ಟ್ಯಾಂಕು, ರಾಕೆಟ್ಟು ಜಾಸ್ತಿ ಆಯಿತು. ಗಣಿಯ ಜನರನ್ನು ಕಥೆಯೇ ಮರೆತುಬಿಟ್ಟಿತಲ್ಲ ಎಂದು ಬೇಜಾರಾಯಿತು. ಕೊನೆಯಲ್ಲಿ ಆಸೊ ಜ್ವಾಲಾಮುಖಿಯ ಬೆಂಕಿಯಲ್ಲಿ ಜೋಡಿ ಹಕ್ಕಿ ಸಾಯುವಾಗ ಮತ್ತೆ ಗಂಟಲು ಕಟ್ಟಿತು.

ಮಾಥ್ರಾ ದಿನ ಅಮ್ಮನೂ ಜೊತೆಗೆ ಕೂತರು. ನಮ್ಮದು ಶಿಡ್ಲಘಟ್ಟದ ಕಡೆ, ನಾನು ಚಿಕ್ಕವನಿದ್ದಾಗ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಮಾಥ್ರಾ ಅಂದರೆ ಒಂದು ದೊಡ್ಡ ಪತಂಗ. ದ್ವೀಪದಿಂದ ಹೊತ್ತು ತಂದ ಇಬ್ಬರು ಗೊಂಬೆಯಷ್ಟು ಚಿಕ್ಕ ಹುಡುಗಿಯರನ್ನು ಹುಡುಕಿಕೊಂಡು ಅದು ಹುಳುವಾಗಿದ್ದಾಗಲೇ ಸಮುದ್ರ ದಾಟಿ ಬರುತ್ತದೆ. ಹುಡುಗಿಯರಾಗಿ ನಟಿಸಿದವರು ಪೀನಟ್ಸ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಅವಳಿ ಗಾಯಕಿಯರು, ಆ ಹಾಡು ಇನ್ನೂ ಕಿವಿಯಲ್ಲಿದೆ. ಹುಳು ಟೋಕಿಯೋ ಟವರನ್ನು ಮುರಿದು ಅದಕ್ಕೇ ಗೂಡು ಕಟ್ಟಲು ಶುರು ಮಾಡಿದಾಗ ಅಮ್ಮ, "ಹಣ್ಣಾಗಿದೆ ಅದು, ಚಂದ್ರಿಕೆ ಹುಡುಕಿಕೊಂಡು ಬಂದಿದೆ" ಅಂದರು. ಹಣ್ಣಾದ ಹುಳು ಅಂದರೆ ಗೂಡು ಕಟ್ಟಲು ಸಿದ್ಧವಾದದ್ದು, ಚಂದ್ರಿಕೆ ಅಂದರೆ ಅದು ಗೂಡು ಕಟ್ಟಲಿ ಅಂತ ಇಡುವ ಬಿದಿರಿನ ತಟ್ಟೆ. ನನಗೆ ಆ 333 ಮೀಟರಿನ ಟವರು ಆಮೇಲೆ ಬೇರೆ ಥರ ಕಾಣಲೇ ಇಲ್ಲ.

ಸೇನೆ ಆ ಗೂಡಿಗೆ ಶಾಖದ ಕಿರಣ ಬಿಡುತ್ತದೆ. ನಾವು ಗೂಡಿಗೆ ಬಿಸಿ ಕೊಡುವುದೂ ಒಳಗಿನ ಹುಳು ಸಾಯಲಿ, ನೂಲು ಉಳಿಯಲಿ ಅಂತಲೇ. ಅಮ್ಮ ಸುಮ್ನೆ ನೋಡುತ್ತಿದ್ದರು. ಕರಕಲಾದ ಗೂಡು ಬಿರಿದು ಪತಂಗ ರೆಕ್ಕೆ ಬಿಚ್ಚಿದಾಗ, "ಬಿಸಿ ಕೊಟ್ಟ ಮೇಲೂ ಈಚೆಗೆ ಬಂತಲ್ಲೋ!" ಎಂದು ನನ್ನ ಕೈ ಹಿಡಿದುಕೊಂಡರು. ಉಳಿದೆರಡು ಸಿನಿಮಾದಲ್ಲಿ ಪ್ರಾಣಿ ಸಾಯುತ್ತದೆ. ಇದರಲ್ಲಿ ಹುಡುಗಿಯರು ವಾಪಸ್ ಸಿಕ್ಕ ಮೇಲೆ ಅದು ಮನೆಗೆ ಹಾರಿ ಹೋಗುತ್ತದೆ.

ಒಂದೇ ಸಿನಿಮಾ ನೋಡಲು ಸಮಯ ಇದೆ ಅಂದರೆ ಗಾಡ್ಜಿಲ್ಲಾ ನೋಡಿ, ಸಬ್‌ಟೈಟಲ್ ಹಾಕಿಕೊಂಡು, ರಾತ್ರಿ, ಗಲಾಟೆ ಇಲ್ಲದಾಗ. ಮೂರರಲ್ಲಿ ದೊಡ್ಡ ಸಿನಿಮಾ ಅದೇ. ಮನೆಮಂದಿಯ ಜೊತೆಗಾದರೆ ಮಾಥ್ರಾ. ರೋಡಾನ್ ಮೂರನೆಯದಾಗಿ ನೋಡಬಹುದು, ಗಣಿಯ ಭಾಗಕ್ಕೋಸ್ಕರವಾದರೂ. ಅಮ್ಮ ಭಾನುವಾರ ಚಿಕ್ಕಮ್ಮನನ್ನು ಕರೆದಿದ್ದಾರೆ, ಗೂಡಿನ ಸಿನಿಮಾ ಇನ್ನೊಂದು ಸಲ ಹಾಕಬೇಕಂತೆ.