ಪುಟ್ಟ ಓಕ್ ಪೀಪಾಯಿಯೋ, ಗಾಜಿನ ಜಾಡಿಗೆ ಓಕ್ ತುಂಡೋ?

ಮನೆಯಲ್ಲಿ ಮಾಡಿದ ವೈನಿಗೆ ಓಕ್ ಮರದ ಘಮ ಹತ್ತಿಸಲು ಇವೆರಡರಲ್ಲಿ ಯಾವುದು ಮೇಲು ಎಂದು ನೋಡಲು ಹೊರಟೆ. ಲೋಡಿ ಊರಿನಿಂದ ತಂದ ಜಿನ್‌ಫಂಡೆಲ್ ಎಂಬ ಕೆಂಪು ವೈನಿನ ದ್ರಾಕ್ಷಿ, ಎಲ್ಲವೂ ಒಂದೇ ಡ್ರಮ್ಮಿನಲ್ಲಿ ಹುದುಗಿದ್ದು. ನವೆಂಬರಿನಲ್ಲಿ ವೈನನ್ನು ಮೂರು ಪಾಲು ಮಾಡಿದೆ. ಒಂದು ಪಾಲು 20 ಲೀಟರಿನ ಹೊಸ ಅಮೆರಿಕನ್ ಓಕ್ ಪೀಪಾಯಿಗೆ, ಇನ್ನೊಂದು 23 ಲೀಟರಿನ ಗಾಜಿನ ಜಾಡಿಗೆ, ಅದರೊಳಗೆ 60 ಗ್ರಾಂ ಸುಟ್ಟ ಓಕ್ ತುಂಡು. ಮೂರನೆಯದು ಬರೀ ಗಾಜಿನಲ್ಲಿ. ಕ್ಯಾಲಿಫೋರ್ನಿಯಾದ ನಮ್ಮ ಗ್ಯಾರೇಜಿನಲ್ಲಿ ಮೂರೂ ಅಕ್ಕಪಕ್ಕ ಕೂತವು. (ಇಬ್ಬರು ವಯಸ್ಕರಿರುವ ಮನೆಯವರು ತಮ್ಮ ಬಳಕೆಗೆ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಿಕೊಳ್ಳಲು ಫೆಡರಲ್ ಕಾನೂನು ಬಿಡುತ್ತದೆ.)

ಹೊಸ ಪೀಪಾಯಿಗೆ ನೇರವಾಗಿ ವೈನ್ ಸುರಿಯುವ ಹಾಗಿಲ್ಲ. ಮೊದಲು ಬಿಸಿನೀರು ತುಂಬಿದೆ. ಹಲಗೆಗಳ ಸಂದಿನಿಂದ ನೀರು ಜಿನುಗಿ ನೆಲದ ಮೇಲೆ ಚಹಾ ಬಣ್ಣದ ಗೆರೆ ಎಳೆಯಿತು. ಮರ ನೀರು ಕುಡಿದು ಉಬ್ಬಿತು, ಮರುದಿನಕ್ಕೆ ಸಂದು ಮುಚ್ಚಿತು.

ವೈನ್ ತುಂಬಿದ ಮೂರನೇ ವಾರಕ್ಕೇ ವೆನಿಲ್ಲಾ, ಕೊಬ್ಬರಿಯ ಘಮ. ಕೊಬ್ಬರಿಯ ಘಮ ಅಮೆರಿಕನ್ ಓಕ್‌ನಲ್ಲಿರುವ ಲ್ಯಾಕ್ಟೋನ್ ಎಂಬ ಅಂಶದ್ದು. ಖುಷಿಯಲ್ಲಿ ಇನ್ನೊಂದು ತಿಂಗಳು ಬಿಟ್ಟೆ, ಅಲ್ಲೇ ಎಡವಿದೆ. ಏಳನೇ ವಾರ ರುಚಿ ನೋಡಿದಾಗ ಹಣ್ಣಿನ ಸುಳಿವೇ ಇಲ್ಲ, ಮರದ ಪುಡಿ ನಾಲಿಗೆಗೆ ಮೆತ್ತಿದಂಥ ಒಗರು. ವೈನರಿಗಳು ಬಳಸುವ ಬ್ಯಾರಿಕ್ ಎಂಬ ದೊಡ್ಡ ಪೀಪಾಯಿ 225 ಲೀಟರಿನದು. ಅದಕ್ಕೆ ಹೋಲಿಸಿದರೆ ನನ್ನ ಪೀಪಾಯಿಯಲ್ಲಿ ಲೀಟರಿಗೆ ಎರಡು ಪಟ್ಟಿಗೂ ಹೆಚ್ಚು ಮರ ತಾಗುತ್ತದೆ. ಅವರು ಒಂದೂವರೆ ವರ್ಷ ಇಡುತ್ತಾರೆ ಎಂದು ನಾವೂ ಇಟ್ಟರೆ, ವೈನ್ ಹಳತಾಗುವ ಮೊದಲೇ ಮರ ಅದನ್ನು ನುಂಗಿಬಿಡುತ್ತದೆ.

ಅದರ ಆರೈಕೆಯೂ ಸಣ್ಣದಲ್ಲ. ಎರಡು ವಾರಕ್ಕೊಮ್ಮೆ ಬಿರಡೆ ತೆಗೆದು, ಆವಿಯಾದಷ್ಟನ್ನು ಬಾಟಲಿಯ ವೈನಿನಿಂದ ಕಂಠಮಟ್ಟ ತುಂಬಬೇಕು. ಖಾಲಿಯಾದ ಮೇಲೆ ತೊಳೆದು, ನೀರು ಬಸಿದು, ಒಳಗೆ ಗಂಧಕದ ಬತ್ತಿ ಉರಿಸಿ ಮುಚ್ಚಿಡಬೇಕು. ಒಮ್ಮೆ ಹುಳಿ ವಾಸನೆ ಮರಕ್ಕೆ ಇಳಿದರೆ ಆ ಪೀಪಾಯಿ ಹೋದಂತೆಯೇ.

ಓಕ್ ತುಂಡಿಗೆ ಈ ರಗಳೆ ಯಾವುದೂ ಇಲ್ಲ. ತಿಂಗಳಿಗೊಮ್ಮೆ ರುಚಿ ನೋಡಿದೆ, ಮೂರು ತಿಂಗಳಿಗೆ ಹದ ಬಂತು, ವೈನನ್ನು ಬೇರೆ ಜಾಡಿಗೆ ಬಸಿದುಕೊಂಡೆ. ಮೊದಲ ವರ್ಷ ನೆಂಟರಿಗೆ ಧೈರ್ಯವಾಗಿ ಬಡಿಸಿದ್ದು ಇದನ್ನೇ. ಬರೀ ಗಾಜಿನದರಲ್ಲಿ ಹಣ್ಣಿನ ರುಚಿ ಚೆನ್ನಾಗಿತ್ತು, ಆದರೆ ತೆಳು.

ಇಷ್ಟಕ್ಕೇ ಪೀಪಾಯಿಯನ್ನು ಮೂಲೆಗೆ ಸೇರಿಸಿದ್ದರೆ ಅನ್ಯಾಯವಾಗುತ್ತಿತ್ತು. ಹೊಸ ಮಡಕೆಯ ಹಾಗೆ ಅದೂ ಪಳಗಬೇಕು. ಎರಡನೇ ವರ್ಷದ ವೈನ್ ಮೂರು ತಿಂಗಳು ತಾಳಿತು. ಮೂರನೆಯದು ಏಳು ತಿಂಗಳು ಕೂತು, ಮರದ ಮೂಲಕ ನಿಧಾನವಾಗಿ ಗಾಳಿಯಾಡಿ, ಒಗರೆಲ್ಲ ಮಿದುವಾಗಿ ಬಂತು. ಆ ಮೆದುತನ ಗಾಜಿನ ಜಾಡಿಯಲ್ಲಿ ನನಗೆ ಒಮ್ಮೆಯೂ ಸಿಕ್ಕಿಲ್ಲ, ತುಂಡು ಹಾಕಿದರೂ ಸಿಕ್ಕಿಲ್ಲ. ತುಂಡಿನಿಂದ ಘಮ ಬರುತ್ತದೆ, ಗಾಳಿ ಬರುವುದಿಲ್ಲ.

ಮೊದಲ ಸಲ ಮಾಡುವವರು, ಒಂದೇ ಜಾಡಿ ವೈನ್ ಇರುವವರು ಕಣ್ಣುಮುಚ್ಚಿ ಓಕ್ ತುಂಡು ತನ್ನಿ. ಪ್ರತಿ ವರ್ಷ ಮಾಡುವವರಾದರೆ ಪೀಪಾಯಿ ಕೊಳ್ಳಿ, ಆದರೆ ಮೊದಲ ವರ್ಷ ಎರಡನೇ ವಾರದಿಂದಲೇ ರುಚಿ ನೋಡುತ್ತಿರಿ, ಅದನ್ನು ಬೆರೆಸಿಕೊಳ್ಳಲು ಗಾಜಿನಲ್ಲಿ ಅಷ್ಟೇ ವೈನ್ ಇಟ್ಟುಕೊಂಡಿರಿ. ಮರವಾಗಿದ್ದ ನನ್ನ 20 ಲೀಟರನ್ನು ಉಳಿಸಿದ್ದು ಆ ತೆಳು ಅಂದೆನಲ್ಲ, ಅದೇ ಮೂರನೇ ಜಾಡಿ.